ಪಕ್ಕದ ಮಂಚದಿಂದ ಹೇಳಿದ ಮಾತು

ಶಬಾನಾ, ನಾನು ಮಾತ್ರೆ ಬಿಟ್ಟಿರಲಿಲ್ಲ. ಒಂದು ದಿನವೂ ಬಿಟ್ಟಿರಲಿಲ್ಲ. ಸೂಜಿಯಿಂದಲೇ ಮೈಗ್ರೇನ್ ಹೋಯಿತು ಎಂದು ನಿಮಗೆ ಅಷ್ಟು ಸಂಭ್ರಮದಿಂದ ಹೇಳಿದೆನಲ್ಲ, ಆಗಲೂ ನನ್ನ ಕೈಚೀಲದಲ್ಲಿ, ಬಾಚಣಿಗೆಯ ಕೆಳಗೆ, ಮಾತ್ರೆಯ ಪಟ್ಟಿ ಇತ್ತು.

ಜೋಗುಪಾಳ್ಯದ ಆ ಅಕ್ಯುಪಂಕ್ಚರ್ ಕ್ಲಿನಿಕ್ ನಿಮಗೆ ನೆನಪಿರಬೇಕು. ಹೊಸಬರು ಹೆದರದಿರಲಿ ಎಂದು ಡಾಕ್ಟರಮ್ಮ ಅವರನ್ನು ಹಳಬರ ಪಕ್ಕದ ಮಂಚದಲ್ಲಿ ಮಲಗಿಸಿ, ನಡುವಿನ ಪರದೆ ಸರಿಸಿಬಿಡುತ್ತಿದ್ದರು. ಹಾಗೆ ನೀವು ನನ್ನ ಪಕ್ಕಕ್ಕೆ ಬಂದಿರಿ. ಶಿವಾಜಿನಗರದಲ್ಲಿ ಮದುವೆ ಬಟ್ಟೆಗೆ ಜರಿ ಕಸೂತಿ ಹಾಕುವವರು. ಆ ಜರಿಯ ಹೊಳಪಿಗೇ ತಲೆನೋವು ಏಳುತ್ತದೆ ಎಂದಿರಿ. ಹಣೆಗೆ ಮೊದಲ ಸೂಜಿ ಇಳಿದಾಗ ಕಣ್ಣು ಮುಚ್ಚಿಕೊಂಡೇ ಹೇಳಿದಿರಿ: "ದಿನಾ ಬಟ್ಟೆಗೆ ಚುಚ್ಚೋಳು ನಾನು. ಇವತ್ತು ಬಟ್ಟೆ ಕಷ್ಟ ಗೊತ್ತಾಗ್ತಾ ಇದೆ ಮೇಡಂ."

ನಕ್ಕರೆ ಸೂಜಿ ಅಲ್ಲಾಡುತ್ತದೆ ಎಂದು ಇಬ್ಬರೂ ನಗು ತಡೆದುಕೊಂಡೆವು. ಎಂಥ ದಿನಗಳವು ನನಗೆ! ಕಾಲೇಜಿನ ಕಾಲದಿಂದ ಜೊತೆಗಿದ್ದ ನೋವು ವಾರಗಟ್ಟಲೆ ಸುಳಿದಿರಲಿಲ್ಲ. ಶಿವಾಜಿನಗರ ಬಸ್ ನಿಲ್ದಾಣದ ಹಾರ್ನು ಬರೀ ಹಾರ್ನಾಗಿತ್ತು. ಇಂದಿರಾನಗರದ ಗಾಜಿನ ಕಟ್ಟಡಗಳ ಮೇಲೆ ಬಿಸಿಲು ಬಿದ್ದರೆ ನಿಂತು ನೋಡುತ್ತಿದ್ದೆ—ಹೆದರದೆ, ಕಣ್ಣು ಅಗಲಿಸಿ. ಮಲ್ಲಿಗೆ ಮುಡಿದೆ. ಸಿಕ್ಕವರಿಗೆಲ್ಲ ಹೇಳಿದೆ, ಆಟೋದವರನ್ನೂ ಬಿಡಲಿಲ್ಲ.

ಆ ಉಬ್ಬಿನಲ್ಲೇ ಇದ್ದಾಗ ನೀವು ಕೇಳಿದಿರಿ: "ಮಾತ್ರೆನೂ ಬಿಟ್ಬಿಟ್ರಾ?"

"ಯಾವಾಗ್ಲೋ ಬಿಟ್ಟೆ."

ಯಾಕೆ ಹೇಳಿದೆ? ನೀವು ನಿಜಕ್ಕೂ ಕೇಳಿದಿರೋ, ಇಲ್ಲ ಕೇಳುವ ಮೊದಲೇ ನಾನಾಗಿ ಹೇಳಿದೆನೋ—ಆ ಅನುಮಾನವೂ ಇದೆ. ಪ್ರಶ್ನೆ ನಿಮ್ಮದಾದರೆ ನನ್ನ ಸುಳ್ಳು ಸ್ವಲ್ಪ ಚಿಕ್ಕದಾಗುತ್ತದಲ್ಲ. ನೆನಪು ನನ್ನ ಪರ ವಕಾಲತ್ತು ವಹಿಸುತ್ತಿರಬಹುದು. ಖಚಿತವಾಗಿರುವುದು ಇಷ್ಟೇ: ನಿಮ್ಮ ಮುಖ ಅರಳಿತು, ಅದು ನನಗೆ ಇಷ್ಟವಾಯಿತು. ಮಾತ್ರೆಯೂ ಜೊತೆಗಿದೆ ಎಂದಿದ್ದರೆ ಅದು ಪವಾಡವಾಗುತ್ತಿರಲಿಲ್ಲ. ನನಗೆ ಪವಾಡವೇ ಬೇಕಿತ್ತು. ಬರೆದುಕೊಟ್ಟವರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ ಎಂದು ಡಾಕ್ಟರಮ್ಮ ಎಲ್ಲರಿಗೂ ಹೇಳುತ್ತಿದ್ದರು. ನೀವು ಅವರಿಗಿಂತ ನನ್ನನ್ನು ನಂಬಿದಿರಿ.

ನಿಮ್ಮ ಮಾತ್ರೆ ನಿಲ್ಲಿಸಿದಿರಿ. ತಂಗಿಯ ನಿಕಾಹ್ ದಿನ, ನೀವೇ ಕಸೂತಿ ಹಾಕಿದ ದುಪಟ್ಟಾ ಹೊದ್ದು ಅವಳು ಹೊರಗೆ ಕೂತಿದ್ದಾಗ, ನೀವು ಒಳಕೋಣೆಯಲ್ಲಿ ತಲೆಗೆ ಬಟ್ಟೆ ಬಿಗಿದು ವಾಂತಿ ಮಾಡುತ್ತ ಮಲಗಿದ್ದಿರಿ. ಆಮೇಲೊಮ್ಮೆ ಹಲಸೂರು ಮಾರ್ಕೆಟ್ಟಿನಲ್ಲಿ ಸಿಕ್ಕು ಅದನ್ನೆಲ್ಲ ಹೇಳಿದಿರಿ. "ನಿಮ್ಗೆ ಆಗ್ಬಂತು, ನನ್ಗೆ ಆಗ್ಬರ್ಲಿಲ್ಲ. ನನ್ ನಂಬಿಕೆನೇ ಕಮ್ಮಿ ಇತ್ತೇನೋ." ಆಗ—ಆಗಲಾದರೂ—ನಾನು ಹೇಳಿದ್ದು: "ಇನ್ನೂ ಸ್ವಲ್ಪ ದಿನ ನೋಡಿ."

ಈ ಮಾತನ್ನು ಮಾತ್ರ ನೆನಪು ಎಲ್ಲೂ ತಿದ್ದಿಲ್ಲ.

ವರ್ಷಗಳೇ ಕಳೆದವು. ನಿನ್ನೆ ಕ್ಲಿನಿಕ್ಕಿನಲ್ಲಿ ನಿಮ್ಮ ಪಕ್ಕದ ಮನೆಯವರು ಸಿಕ್ಕಿದ್ದರು. ನೀವು ಇಂದಿಗೂ ಮಾತ್ರೆ ಮುಟ್ಟುವುದಿಲ್ಲವಂತೆ. ಜರಿ ಕೆಲಸ ಕೈಬಿಟ್ಟು, ಒಂದು ಚಿಕ್ಕ ಅಂಗಡಿ ಇಟ್ಟುಕೊಂಡು ಸೀರೆಗಳಿಗೆ ಫಾಲ್ ಹೊಲಿಯುತ್ತಿದ್ದೀರಂತೆ. ಡಾಕ್ಟರ ಹತ್ತಿರ ಹೋಗಿ ಎಂದು ಯಾರಾದರೂ ಅಂದರೆ, ನಮ್ಮ ಮೇಡಂ ಮಾತ್ರೆ ಇಲ್ಲದೇ ಗುಣವಾದರು ಎನ್ನುತ್ತೀರಂತೆ.

ನಮ್ಮ ಮೇಡಂ...

ನನ್ನನ್ನು ಗುಣಪಡಿಸಿದ್ದು ಸೂಜಿಯೋ, ಮಾತ್ರೆಯೋ, ಎರಡೂ ಸೇರಿಯೋ—ನನಗೆ ಗೊತ್ತಿಲ್ಲ. ಸೂಜಿಯಿಂದ ಹಿತವೆನಿಸಿದ್ದು ಸುಳ್ಳಲ್ಲ. ಆದರೆ ಉಳಿದದ್ದನ್ನು ಮುಚ್ಚಿಟ್ಟು, ನಿಮ್ಮ ನೋವನ್ನು ನಿಮ್ಮ ನಂಬಿಕೆಯ ತಪ್ಪಾಗಿಸಿದವಳು ನಾನು.

ನಿನ್ನೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಬರೀ ಹೆದರಿಕೆಯಲ್ಲ, ಒಂದು ಆತುರ—ನೀವು ಮತ್ತೆ ಡಾಕ್ಟರ ಹತ್ತಿರ ಹೋಗಬಹುದು, ಮತ್ತೆ ಜರಿ ಬಟ್ಟೆಗಳ ಮುಂದೆ ಕೂರಬಹುದು, ಇದು ಇನ್ನೂ ಸಾಧ್ಯ ಎಂಬ ಆತುರ. ಇದನ್ನು ಬರೆದುಕೊಂಡದ್ದು ನಿಮ್ಮೆದುರು ಮಾತು ತಿರುಗಿಸಿಬಿಡುತ್ತೇನೆಂಬ ಭಯಕ್ಕೆ. ಇವತ್ತು ಬೆಳಿಗ್ಗೆಯೇ ನಿಮ್ಮ ಅಂಗಡಿಗೆ ಬರುತ್ತೇನೆ. ಗಿರಾಕಿಗಳಿದ್ದರೆ ಅವರ ಮುಂದೆಯೇ ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಹೊರಗೆ ಹೋಗಿ ಎಂದರೆ ಬಾಗಿಲಾಚೆ ನಿಂತು, ಹೇಳಬೇಕಾದ್ದನ್ನು ಮುಗಿಸಿಯೇ ಹೋಗುತ್ತೇನೆ.