ಹನ್ನೊಂದು ಜನರ ನಾಚಿಕೆ, ಹನುಮಕ್ಕನ ಕಾರ್ಡು

ಬೆಳಿಗ್ಗೆ ಐದೂವರೆ. ಚಾಮರಾಜಪೇಟೆಯ ಟ್ರಸ್ಟೊಂದರ ವಾಚನಾಲಯದ ಮುಂದೆ ಹನುಮಕ್ಕ ಕಸ ಗುಡಿಸುತ್ತಿದ್ದಾರೆ. ಸೊಂಟಕ್ಕೆ ಸಿಕ್ಕಿಸಿಕೊಂಡ ಮೊಬೈಲು ಹೊಡೆದುಕೊಳ್ಳುತ್ತದೆ. ಪೊರಕೆ ಕಂಕುಳಿಗೆ ಹೋಗುತ್ತದೆ. "ಹೇಳ್ತೀನಿ, ಒತ್ಕೊಳ್ಳಿ. ನಾಲ್ಕು, ಸೊನ್ನೆ, ಒಂಬತ್ತು, ಒಂಬತ್ತು, ಎರಡು, ಏಳು. ಬಂತಾ? ಓದಿ. ಆಮೇಲೆ ಏನಾದ್ರೂ ಹೊಟ್ಟೆಗ್ ಹಾಕ್ಕೊಳ್ಳಿ." ವಾಕಿಂಗ್ ಹೊರಟ ಹಿರಿಯರೊಬ್ಬರು ಗುರಾಯಿಸುತ್ತಾರೆ. ಈ ಹೆಂಗಸು ಮಟ್ಕಾ ನಂಬರು ಕೊಡ್ತಾಳೆ ಅಂತ ಬೀದಿಯಲ್ಲಿ ಗುಮಾನಿ ಇದೆ.

ಅದು ಮಟ್ಕಾ ಅಲ್ಲ, ಓಟಿಪಿ. ವಾಚನಾಲಯದ ಪುಸ್ತಕಗಳನ್ನು ಈಗ ಮೊಬೈಲಿನಲ್ಲೇ ಎರವಲು ಪಡೆಯಬಹುದು. ಒಂದು ಕಾರ್ಡಿಗೆ ಐದು ಪುಸ್ತಕ, ಹದಿನೈದು ದಿನ. ಆದರೆ ಯಾರು ಏನು ಓದುತ್ತಾರೆ ಅನ್ನುವುದು ಆಫೀಸಿನ ಕಂಪ್ಯೂಟರಿನಲ್ಲಿ ಕಾಣುತ್ತದೆ. ಭಯ, ನಿದ್ದೆಗೇಡು, ಬಾಣಂತಿಯ ದುಃಖ, ಸಾಯಬೇಕೆನ್ನುವ ಯೋಚನೆ, ಇಂಥ ಪುಸ್ತಕಗಳನ್ನು ಸ್ವಂತ ಹೆಸರಿನಲ್ಲಿ ಪಡೆಯಲು ಜನಕ್ಕೆ ನಾಚಿಕೆ. ಈ ಪೇಟೆಯಲ್ಲಿ ಯಾರಿಗೆ ಯಾರು ನೆಂಟರಲ್ಲ ಹೇಳಿ! ಹಾಗಾಗಿ ಹನ್ನೊಂದು ಮಂದಿ ಸರದಿಯ ಮೇಲೆ ಹನುಮಕ್ಕನ ಕಾರ್ಡಿನಲ್ಲಿ ಓದುತ್ತಾರೆ. ಪುಸ್ತಕ ತೆರೆಯುವ ಓಟಿಪಿ ಬರುವುದು ಹನುಮಕ್ಕನ ಮೊಬೈಲಿಗೆ. ಸರದಿಯ ಲೆಕ್ಕ ಹನುಮಕ್ಕನ ತಲೆಯಲ್ಲೇ ಇದೆ. "ಬರೆದಿಟ್ರೆ ಯಾರಾದ್ರೂ ಓದ್ಬಿಡ್ತಾರಲ್ವಾ ಸಾರ್," ಎನ್ನುತ್ತಾರೆ.

ಹನುಮಕ್ಕನಿಗೆ ಐವತ್ತೆರಡು. ಓದಿದ್ದು ಏಳನೇ ಕ್ಲಾಸು. ಗಂಡ ಚಿಕ್ಕಪೇಟೆಯಲ್ಲಿ ಬಟ್ಟೆ ಮೂಟೆ ಹೊರುತ್ತಿದ್ದರು. ಎಂಟು ವರ್ಷದ ಹಿಂದೆ ಮೂಟೆಯ ಜೊತೆಗೇ ಕುಸಿದು ತೀರಿಕೊಂಡರು. "ಆರು ತಿಂಗಳು ತಲೆ ಬಾಚ್ಕೊಂಡಿಲ್ಲ. ದಾಕ್ಷಾಯಣಮ್ಮ ಅಂತ ಆಗ ಇಲ್ಲಿ ಮೇಡಮ್ಮು. ಮೊಬೈಲಲ್ಲಿ ಒಂದು ಪುಸ್ತಕ ಹಾಕ್ಕೊಟ್ರು. ನನ್ ಥರಾನೇ ಗಂಡ ಸತ್ತೋಳು ಬರೆದಿದ್ದು. ಅಯ್ಯೋ, ನನಗೊಬ್ಬಳಿಗೇ ಅಲ್ವಲ್ಲಪ್ಪ ಅನ್ನಿಸ್ತು. ಅವತ್ತು ಎದ್ದು ಸಾರು ಮಾಡಿದೆ." ಈಗ ಗುಡಿಸುವುದರ ಜೊತೆಗೆ ಬೀಗದಕೈ, ಕೌಂಟರು ಎರಡೂ ಅವರದೇ. ಅಲ್ಲ, ಹೋದ ವಾರದ ತನಕ ಅವರದಾಗಿತ್ತು.

ಹೋದ ಗುರುವಾರ ಕಾರ್ಯದರ್ಶಿ ಶ್ರೀಧರ್ ಒಂದು ಪಟ್ಟಿ ಹಿಡಿದು ಓದುವ ಕೋಣೆಗೆ ಬಂದರು. ಮೂರು ತಿಂಗಳಲ್ಲಿ ಹನುಮಕ್ಕನ ಹೆಸರಿನಲ್ಲಿ ಇಪ್ಪತ್ತೆಂಟು ಪುಸ್ತಕ. ಎಲ್ಲರ ಮುಂದೆ ಒಂದೊಂದೇ ಹೆಸರು ಓದಿದರು. "ಏನಮ್ಮಾ ಇದು, ತಲೆ ನೆಟ್ಟಗಿದ್ಯಾ? ಅಥವಾ ಕಾರ್ಡು ಊರಿಗೆಲ್ಲಾ ಹಂಚ್ತಿದೀಯಾ?"

"ನಂದೇ ಸಾರ್, ಎಲ್ಲಾ," ಎಂದರು ಹನುಮಕ್ಕ.

"ಇಂಥೋರ ಕೈಗೆ ಬೀಗ ಕೊಡೋದು ಹೆಂಗೆ?" ಎಂದು ಶ್ರೀಧರ್ ಬೀಗದಕೈ ಕಿತ್ತುಕೊಂಡರು. ಕೆಲಸದಲ್ಲಿ ಇಡಬೇಕೋ ಬೇಡವೋ ಅಂತ ಬರುವ ಬುಧವಾರ ಸಮಿತಿ ತೀರ್ಮಾನಿಸುತ್ತದೆ.

ಇದನ್ನು ನಾನು ಹೇಗೆ ಬಲ್ಲೆ? ಮೂರನೇ ಬೆಂಚಿನಲ್ಲಿ ಪೇಪರು ಅಡ್ಡ ಹಿಡಿದು ಕೂತಿದ್ದೆ. ಆ ಇಪ್ಪತ್ತೆಂಟರಲ್ಲಿ ನಾಲ್ಕು ಪುಸ್ತಕ ನನ್ನವು. ಮೆಟ್ರೋದಲ್ಲಿ ಎದೆ ಢವಗುಟ್ಟಿ ಬೆವರಿ ಇಳಿದುಬಿಡುತ್ತೇನೆ. ಮನೆಯಲ್ಲಿ ಗ್ಯಾಸು ಅಂತ ಹೇಳಿ ಒಂದು ವರ್ಷದಿಂದ ಜೀರಿಗೆ ಕಷಾಯ ಕುಡಿಯುತ್ತಿದ್ದೇನೆ. ಮನಸ್ಸಿನ ನೋವು ಹೇಳಿಕೊಳ್ಳಲು ನಾಚಿಕೆ ಬೇಡ ಅಂತ ಇದೇ ಪುರವಣಿಯಲ್ಲಿ ಅರ್ಧ ಪುಟ ಬರೆದವನೂ ನಾನೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ನಾನು ಬಾಯಿ ಬಿಡಲಿಲ್ಲ. ಥೂ ನನ್ನ ಜನ್ಮಕ್ಕಿಷ್ಟು ಅಂತ ಅವತ್ತಿನಿಂದ ಬೈದುಕೊಳ್ಳುತ್ತಿದ್ದೇನೆ.

ಮಾರನೇ ಬೆಳಿಗ್ಗೆ ಕ್ಷಮೆ ಕೇಳಲು ಹೋದರೆ ಹನುಮಕ್ಕ ಗುಡಿಸುವುದನ್ನು ನಿಲ್ಲಿಸಲಿಲ್ಲ. "ನೀವು ಎದ್ದು ನಿಂತಿದ್ರೆ ನಾಚ್ಕೊಂಡು ಈ ಕಡೆಗೇ ಬರ್ತಿರ್ಲಿಲ್ಲ ಸಾರ್. ನಾನಾದ್ರೆ ಬರ್ಲೇಬೇಕು, ಕಸ ಇರುತ್ತಲ್ಲ. ಕಾಲೆತ್ತಿ."

ಶ್ರೀಧರ್ ಹತ್ತಿರ ಹೋಗಿ ಒಪ್ಪಿಕೊಂಡೆ. ಸಮಿತಿಗೆ ಬರವಣಿಗೆಯಲ್ಲಿ ಬೇಕು ಎಂದರು. ಒಂದೇ ಪಟ್ಟಿನಲ್ಲಿ ಅರ್ಧ ಪುಟ ಗೀಚುವವನಿಗೆ ಆ ನಾಲ್ಕು ಸಾಲು ಬರೆಯಲು ಎರಡು ದಿನ ಹಿಡಿಯಿತು. ಪುಸ್ತಕಗಳ ಹೆಸರು, ನನ್ನ ಹೆಸರು, ಸಹಿ. ಹೆಂಡತಿಗೂ ತೋರಿಸಿದೆ. ಅವಳು ಓದಿ, ಕಷಾಯದ ಲೋಟ ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಕೌಂಟರಿಗೆ ಹೋಗಿ ನನ್ನ ಹೆಸರಿನಲ್ಲೇ ಕಾರ್ಡು ಮಾಡಿಸಿಕೊಂಡೆ.

ಉಳಿದ ಹತ್ತು ಜನ ಯಾರು ಅಂತ ನನಗೂ ಗೊತ್ತಿಲ್ಲ. ಕೇಳಿದರೆ ಹನುಮಕ್ಕ ಹೇಳುವುದೂ ಇಲ್ಲ. "ಪೇಪರ್ನಲ್ಲಿ ನನ್ ಹೆಸ್ರು ಹಾಕ್ಕೊಳ್ಳಿ, ಅವರದ್ದು ಕೇಳ್ಬೇಡಿ," ಎನ್ನುತ್ತಾರೆ.

ಬುಧವಾರ ಏನಾಗಬೇಕು ಅಂತ ಆಸೆ ಎಂದು ಕೇಳುತ್ತೇನೆ. ಹನುಮಕ್ಕ ಪೊರಕೆ ಗೋಡೆಗೆ ಒರಗಿಸಿ ಮೆಟ್ಟಿಲ ಮೇಲೆ ಕೂರುತ್ತಾರೆ.

"ಕೆಲ್ಸ ಉಳೀಲಿ ಸಾರ್, ಇನ್ನೇನು. ಉಳಿದ್ರೆ, ನೀವೀಗ ನಿಮ್ ಕಾರ್ಡಿಗೆ ಹೋದ್ರಲ್ಲ, ನನ್ ಕಾರ್ಡಲ್ಲಿ ಒಂದು ಜಾಗ ಖಾಲಿ ಆಯ್ತು. ಅದನ್ನ ಯಾರಿಗೂ ಕೊಡಲ್ಲ. ಒಂದು ನಗೋ ಪುಸ್ತಕ ತಗೋತೀನಿ. ಆ ಇಪ್ಪತ್ತೆಂಟರಲ್ಲಿ ನಂದು ಅಂತ ಒಂದೂ ಇಲ್ಲ ಸಾರ್."