ಗೇಣಿನ ಕೆಳಗಿನ ಮಣ್ಣು

ನಿನ್ನೆ ಡೊಂಬಿವಲಿಯ ಭಾಜಿ ಮಾರ್ಕೆಟ್ಟಿನಲ್ಲಿ ನನ್ನ ಹೆಂಡತಿ ಸೊಟ್ಟ ಮೂಲಂಗಿಗಳನ್ನು ಆರಿಸಿ ಬದಿಗಿಡುತ್ತಿದ್ದಳು. ಅದರಲ್ಲೊಂದು ಮೊಣಕಾಲು ಮಡಚಿದಂತೆ ಬಾಗಿತ್ತು. ಶಾಂತವ್ವ ನೆನಪಾದಳು.

ಎಂಬತ್ತರ ದಶಕದ ಆರಂಭದಲ್ಲಿ ನಾನು ಠಾಣೆ ಪಟ್ಟಣದ ಸರ್ಕಾರಿ ಕೃಷಿ ಕಚೇರಿಯೊಂದರಲ್ಲಿ ಹೊಲದ ಮಣ್ಣಿನ ಗಟ್ಟಿತನ ಅಳೆಯುವ ಕೆಲಸದಲ್ಲಿದ್ದೆ. ಕೆಲಸವೆಂದರೇನು, ಚೂಪು ತುದಿಯ ಒಂದು ಕಬ್ಬಿಣದ ಸಲಾಕೆ, ಅದರ ತಲೆಗೆ ಗಡಿಯಾರದಂಥ ಮಾಪಕ. ನೆಲಕ್ಕೆ ಒತ್ತಬೇಕು, ಮುಳ್ಳು ತೋರಿಸಿದ್ದನ್ನು ಬರೆದುಕೊಳ್ಳಬೇಕು. ಮಣ್ಣು ಬಿಗಿದರೆ ಬೇರೂ ಇಳಿಯದು, ನೀರೂ ಇಳಿಯದು. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಆ ಸಲಾಕೆ ಹಿಡಿದು ನಿಂತರೆ ಜನ ನನ್ನನ್ನು ಪ್ಲಂಬರ್ ಎಂದುಕೊಳ್ಳುತ್ತಿದ್ದರು. ಅಲ್ಲವೆನ್ನುವ ತ್ರಾಣವೂ ನನಗಿರುತ್ತಿರಲಿಲ್ಲ.

ಶಾಂತವ್ವ ವಿಜಾಪುರದ ಕಡೆಯವಳು. ದಿವಾ ಸ್ಟೇಷನ್ನಿನಾಚೆ ತುಂಡು ಹೊಲ ಗುತ್ತಿಗೆಗೆ ಹಿಡಿದು ತರಕಾರಿ ಬೆಳೆಯುತ್ತಿದ್ದಳು. ರಸ್ತೆ ಮಾಡಿಸುತ್ತಿದ್ದ ಕಾಂಟ್ರಾಕ್ಟರ್ ಒಬ್ಬ ಬೇಸಿಗೆಯಿಡೀ ಅದರ ಮೇಲೆ ಜಲ್ಲಿ ಲಾರಿ ಓಡಿಸಿದ್ದ. ಮಣ್ಣು ಗಟ್ಟಿಯಾಗಿದೆಯೆಂದು ಕಚೇರಿ ಬರೆದುಕೊಟ್ಟರೆ ಅವನೇ ಟ್ರ್ಯಾಕ್ಟರ್ ತಂದು ಆಳವಾಗಿ ಉತ್ತುಕೊಡಬೇಕೆಂದು ಮಾತಾಗಿತ್ತು.

ನನಗೆ ಆ ದಿನದ ನಾಲ್ಕನೆಯ ಹೊಲ ಅದು. ಒತ್ತಿದೆ. ಸಲಾಕೆ ಸಲೀಸಾಗಿ ಇಳಿಯಿತು.

"ಸಾಹೇಬ್ರ, ಮುಂಜಾನಿ ನೀರ ಬಿಟ್ಟೀನ್ರಿ, ಅದಕ್ಕ ಇಳದೈತಿ. ಎಂಟ ದಿನ ಬಿಟ್ಟ ಬರ್ರಿ," ಎಂದು ಶಾಂತವ್ವ ಒಂದು ಮೂಲಂಗಿ ಕಿತ್ತು ತೋರಿಸಿದಳು. ಗೇಣುದ್ದ ಇಳಿದು ಅಡ್ಡಕ್ಕೆ ಹೊರಳಿತ್ತು.

ಅವಳ ಮಾತು ನಿಜವೆಂದು ನನಗೆ ಗೊತ್ತಿತ್ತು. ನೀರು ಕುಡಿದ ಮಣ್ಣು ತನ್ನ ಗಟ್ಟಿತನವನ್ನು ತೋರಿಸಿಕೊಡುವುದಿಲ್ಲ. ಆದರೆ ರೈಲಿನ ಆ ಗರ್ದಿಯಲ್ಲಿ ನೂಕಾಡುತ್ತ ಮತ್ತೊಮ್ಮೆ ಬರುವುದು ಯಾರಿಗೆ ಬೇಕು? "ದೋಷವಿಲ್ಲ" ಎಂದು ಬರೆದು ಸಹಿ ಹಾಕಿದೆ.

ಮನಸ್ಸು ತಡೆಯಲಿಲ್ಲ. ಹತ್ತು ದಿನದ ಮೇಲೆ ಒಬ್ಬನೇ ಹೋದೆ. ಒಣಗಿದ ನೆಲದಲ್ಲಿ, ಗೇಣಿನ ಕೆಳಗೆ, ಸಲಾಕೆ ಕಲ್ಲಿಗೆ ತಾಗಿದಂತೆ ನಿಂತಿತು. ಹೊಸ ವರದಿ ಕೊಟ್ಟಾಗ ನಮ್ಮ ಸಾಹೇಬರು, "ಮೊದಲನೇದು ಮೇಲಕ್ಕೆ ಹೋಗಿ ಆಯ್ತು. ಜಾವೂ ದ್ಯಾ, ಬಿಟ್ಟುಬಿಡಿ," ಎಂದರು.

ಅದನ್ನು ತಿಳಿಸಲು ಹೋದಾಗ ಶಾಂತವ್ವ ತಾನೇ ಗುದ್ದಲಿ ಹಿಡಿದು ಅಗೆಯುತ್ತಿದ್ದಳು. ತಪ್ಪು ಒಪ್ಪಿಕೊಂಡು ಬೈಗುಳಕ್ಕೆ ಕಾದು ನಿಂತೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಕಾಗದ ಹ್ವಾದ್ರ ಹೋಗ್ಲಿ. ಎಲ್ಲೆಲ್ಲಿ ಗಟ್ಟಿ ಐತಿ ಅಷ್ಟ ತೋರಸ್ರಿ. ಇಡೀ ಹೊಲಾ ಅಗ್ಯಾಕ ನನ್ನ ರಟ್ಟ್ಯಾಗ ಬಲಾ ಇಲ್ಲ."

ಸಂಜೆಯತನಕ ಹೆಜ್ಜೆಗೊಂದರಂತೆ ಒತ್ತುತ್ತ ಹೋದೆ. ಸಲಾಕೆ ತಡೆದಲ್ಲೆಲ್ಲ ಅವಳು ಕಡ್ಡಿ ನೆಟ್ಟಳು. ಕೊನೆಗೆ ನೋಡಿದರೆ ಲಾರಿಯ ಹಾದಿಯೇ ಕಡ್ಡಿಗಳ ಸಾಲಾಗಿ ನಿಂತಿತ್ತು. ಅಷ್ಟನ್ನು ಅಗೆಯಲು ಅವಳಿಗೆ ಮೂರು ತಿಂಗಳು ಹಿಡಿಯಿತು. ಆ ವರ್ಷದ ಬೆಳೆ ಹೋಯಿತು.

ಇಷ್ಟು ವರ್ಷ ಯಾರಿಗೂ ಹೇಳದಿದ್ದ ಇದನ್ನು ನಿನ್ನೆ ಮನೆಗೆ ನಡೆದು ಬರುತ್ತ ಹೆಂಡತಿಗೆ ಹೇಳಿದೆ. ಅವಳು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು ಕೇಳಿದಳು: "ಸಹಿ ಹಾಕೂವಾಗ ಆಕಿ ಮಾರಿ ನೋಡಿದ್ರೇನು?"

ನೋಡಿರಲಿಲ್ಲ.