ಮದೀನಾಕ್ಕೆ ಹೊರಟ ಸಲಾಂಗಳು

ಸೌದಿಯ ಥುಕ್ಬಾದಲ್ಲಿ ನನ್ನ ಗಂಡನದು ಎಸಿ ರಿಪೇರಿಯ ಕೆಲಸ. ಆ ವರ್ಷ ಅವರನ್ನು ಕೆಲಸಕ್ಕೆ ಕರೆಸಿಕೊಂಡಿದ್ದ ಧಣಿ, ಕಫೀಲ್, ಅಲ್ಲಿ ವಾಸಕ್ಕೆ ಬೇಕಾದ ಇಕಾಮಾ ಪರವಾನಗಿಯನ್ನು ನವೀಕರಿಸದೆ ತಿಂಗಳುಗಟ್ಟಲೆ ‘ನಾಳೆ, ನಾಳೆ’ ಎನ್ನುತ್ತಲೇ ಇದ್ದ. ಅವನ ನಾಳೆ ಬರುವ ಮೊದಲು ಪೊಲೀಸರು ಬಂದರು. ದಾರಿಯಲ್ಲಿ ತಪಾಸಣೆಗೆ ಸಿಕ್ಕಿಬಿದ್ದ ಇವರನ್ನು ತರ್ಹೀಲಿಗೆ, ಎಂದರೆ ಗಡೀಪಾರಿನವರನ್ನು ಕೂಡಿಹಾಕುವ ಜಾಗಕ್ಕೆ, ಕೊಂಡೊಯ್ದರು. ಅಲ್ಲಿಂದ ವಿಮಾನ ಹತ್ತಿಸಿದರೆ ಮುಗಿಯಿತು. ನಾನೂ ಮಗಳೂ ಗಂಟುಮೂಟೆ ಕಟ್ಟಬೇಕು.

ಶಾಲೆಯಿಂದ ಬಂದ ಎಂಟು ವರ್ಷದ ಮಗಳು ಉಪ್ಪ ಎಲ್ಲಿ ಎಂದು ಕೇಳಿದಳು. ನನ್ನ ಬಾಯಿಗೆ ಬಂದದ್ದು ಮದೀನಾ. ಬುರೈದಾದಂಥ ಬೇರೆ ಯಾವುದೋ ಊರು ಎಂದಿದ್ದರೆ ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಮದೀನಾಕ್ಕೆ ಹೋಗುವವರನ್ನು ನಾವು ಬ್ಯಾರಿಗಳು ಸುಮ್ಮನೆ ಬಿಡುವುದುಂಟೇ? ಪ್ರವಾದಿಯವರ ಸನ್ನಿಧಿಯಲ್ಲಿ ನನ್ನದೂ ಒಂದು ಸಲಾಂ ಹೇಳಿ ಎಂದು ಕೇಳಿಕೊಳ್ಳುತ್ತೇವೆ, ಒಪ್ಪಿಕೊಂಡವರು ತಲುಪಿಸಲೇಬೇಕು. ಸಂಜೆಯೊಳಗೆ ಮಗಳು ನೋಟ್‌ಬುಕ್ ಹಿಡಿದು ಕಟ್ಟಡವಿಡೀ ಸುತ್ತಿ, ಮೇಲಿನ ಮನೆಯ ಅಜ್ಜಿಯಿಂದ ಹಿಡಿದು ಕೆಳಗಿನ ಅಂಗಡಿಯ ಮಲಯಾಳಿಯವರೆಗೆ ಎಲ್ಲರ ಹೆಸರು ಬರೆದುಕೊಂಡು ಬಂದಳು. ಉಪ್ಪನ ಫೋನ್ ಬಂದಾಗ ಓದಿ ಹೇಳುತ್ತಾಳಂತೆ. ಮಾಡಿದ್ದುಣ್ಣೋ ಮಹರಾಯ ಎಂದು ನನ್ನನ್ನೇ ಬೈದುಕೊಂಡೆ.

ದಿನದಿನಕ್ಕೂ ಹೆಸರುಗಳು ಹೆಚ್ಚಿದವು. ಊಟಕ್ಕೆ ಕೂತಾಗ ಅವಳು ಒಂದೊಂದನ್ನೇ ನನಗೆ ಓದಿ ಹೇಳುವಳು, ಅಜ್ಜಿಯ ಬೊಚ್ಚುಬಾಯಿಯ ಮಾತನ್ನು ಅಣಕಿಸುವಳು. ಅಂಥ ದಿನಗಳಲ್ಲೂ ನನಗೆ ನಗು ಬಂದುಬಿಡುತ್ತಿತ್ತು. ನನ್ನ ಸುಳ್ಳನ್ನು ಇಷ್ಟು ಚೆನ್ನಾಗಿ ನಂಬಿದ ಪೆದ್ದಿಯನ್ನು ಕಂಡು ಅಯ್ಯೋ ಅನ್ನಿಸುತ್ತಿತ್ತು. ಅವಳ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಬರುತ್ತಿತ್ತು.

ಆರನೆಯ ದಿನ ಕಫೀಲನ ಕಚೇರಿಗೆ ಹೋಗಿ ಕೂತೆ. ನಾಳೆ ಬಾ ಎಂದ. ನಾನು ಏಳಲಿಲ್ಲ. ಮಧ್ಯಾಹ್ನದ ನಮಾಜಿಗೆ ಹೋಗಿ ಬಂದವನು ನಾನಿನ್ನೂ ಅಲ್ಲೇ ಇರುವುದನ್ನು ಕಂಡು ಇಕಾಮಾ ಕೆಲಸಕ್ಕೆ ಕೈಹಾಕಿದ. ಎಂಟನೆಯ ದಿನ ಇವರು ಗಡ್ಡ ಬೆಳೆದ ಮುಖದಲ್ಲಿ ಬಾಗಿಲಿಗೆ ಬಂದು ನಿಂತರು. ಮಗಳು ಓಡಿಹೋಗಿ ತಬ್ಬಿಕೊಂಡಳು. ಸಲಾಂ ವಿಷಯದಲ್ಲಿ ಮಾತ್ರ ಚಕಾರವೆತ್ತಲಿಲ್ಲ.

ಇವರು ಸ್ನಾನಕ್ಕೆ ಹೋದ ಮೇಲೆ ತಡೆಯಲಾರದೆ ನಾನೇ ಅವಳನ್ನು ಕೇಳಿದೆ, “ಸಲಾಂ ಹೇಳಿದ್ರಾ ಅಂತ ಉಪ್ಪನ ಹತ್ರ ಕೇಳುದಿಲ್ವಾ ನೀನು?”

“ಉಪ್ಪ ಮದೀನಾಕ್ಕೆ ಹೋಗ್ಲಿಲ್ಲ, ನಂಗೆ ಗೊತ್ತುಂಟು” ಎಂದಳು. “ಮದೀನಾಕ್ಕೆ ಹೋದವರ ಮನೆಯಲ್ಲಿ ಯಾರಾದ್ರೂ ಬಾತ್‌ರೂಮಿಗೆ ಹೋಗಿ ಅಳ್ತಾರಾ ಉಮ್ಮ?”

“ಮತ್ತೆ ಎಂತಕ್ಕೆ ಅಷ್ಟೆಲ್ಲ ಹೆಸರು ಬರೆದದ್ದು?”

“ನಾನು ಓದುವಾಗ ನೀವು ನಗ್ತಿದ್ರಿ, ಅದಕ್ಕೆ.”